ಹಾಲ್ ಗೋಡೆಗೆ ಬಣ್ಣಾನಾ, ವಾಲ್‌ಪೇಪರಾ, ಪ್ಯಾನೆಲ್ಲಾ, ಇಲ್ಲ ಬರೀ ಲೈಟು-ಕರ್ಟನ್ ಸಾಕಾ?

ದಸರಾ ಹತ್ರ ಬಂತು ಅಂದ್ರೆ ನಮ್ಮ ಮೈಸೂರು-ಮಂಡ್ಯ ಕಡೆ ಅರ್ಧ ಊರಿಗೆ ಒಂದೇ ಯೋಚನೆ, ಈ ಸಲ ಹಾಲ್‌ಗೆ ಏನಾದ್ರೂ ಮಾಡ್ಸೋಣ ಅಂತ. ಮಾಡ್ಸೋಣ ಅನ್ನೋ ತನಕ ಎಲ್ರೂ ಒಂದು, ಏನು ಮಾಡ್ಸೋದು ಅಂದಾಗ ಒಬ್ಬೊಬ್ರದ್ದು ಒಂದೊಂದು ರಾಗ. ಮಗಳು ಫೋನಲ್ಲಿ ಫೋಟೋ ಹಿಡ್ಕೊಂಡು ಪಟ್ಟಿ ಪಟ್ಟಿ ಪ್ಯಾನೆಲ್ ಬೇಕು ಅಂತಾಳೆ, ಅವಳಮ್ಮ ವಾಲ್‌ಪೇಪರ್ ಒಂದೇ ದಿನಕ್ಕೆ ಮುಗಿಯುತ್ತಂತೆ ರೀ ಅಂತಾರೆ, ಅಜ್ಜಿ ಏನ್ ಬೇಕಾದ್ರೂ ಮಾಡ್ಕೊಳ್ಳಿ ಗೊಂಬೆ ಕೂರ್ಸೋ ಗೋಡೆ ಮಾತ್ರ ಮುಟ್ಬೇಡಿ ಅಂತಾರೆ, ಕೊನೆಗೆ ದುಡ್ಡು ಬಿಚ್ಚೋ ಯಜಮಾನ್ರು ಸುಮ್ನೆ ಒಂದು ಕೋಟ್ ಬಣ್ಣ ಹೊಡ್ಸಿ ಮುಗ್ಸೋಣ ಅಂತ ಎದ್ದು ಹೋಗ್ತಾರೆ. ಅರಮನೆ ಡೆಕೋರೇಷನ್ ಬಗ್ಗೆ ಅಲ್ಲ ನಾನು ಹೇಳ್ತಿರೋದು, ಮಾಮೂಲಿ 20×30, 30×40 ಸೈಟಲ್ಲಿ ಕಟ್ಟಿರೋ ಮನೆ, ಪಕ್ಕದ್ಮನೆ ಗೋಡೆಗೆ ಅಂಟ್ಕೊಂಡಂಗೆ ಇರೋ ಗೋಡೆ, ಹಾಲ್‌ಗೆ ಒಂದೋ ಎರಡೋ ಕಿಟಕಿ, ಅಂಥ ಮನೆಗೆ ಯಾವುದು ಸರಿ ಹೋಗುತ್ತೆ ಅಂತ ನೋಡೋಣ.

ಮೊದ್ಲು ಗೋಡೆ ನೋಡ್ಕೊಳ್ಳಿ, ಆಮೇಲೆ ಅಂಗಡಿ

ಗೋಡೆ ಯಾರದ್ದು ಅನ್ನೋದು ಮೊದಲ್ನೇ ಪ್ರಶ್ನೆ. ಬಾಡಿಗೆ ಮನೆ ಆದ್ರೆ ಅಡ್ವಾನ್ಸ್ ಕೊಡುವಾಗ್ಲೇ ಓನರ್ರು ಮೊಳೆ ಹೊಡೀಬೇಡಿ ಅಂದಿರ್ತಾರೆ, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಹೇಗೂ ಇದ್ದೇ ಇದೆ, ಆದ್ರಿಂದ ಬಾಡಿಗೆಯವರು ಹೊರಡುವಾಗ ಬಿಚ್ಕೊಂಡು ಲಗೇಜ್ ಆಟೋಗೆ ಹಾಕೋಕಾಗೋ ಸಾಮಾನಿಗೆ ಮಾತ್ರ ದುಡ್ಡು ಹಾಕ್ಬೇಕು. ಸ್ವಂತ ಮನೆಯವರಿಗೆ ಈ ಕಾಟ ಇಲ್ಲ, ಆದ್ರೆ ಅವರಿಗೆ ಬೇರೆ ಥರ ಕಾಟ, ಒಂದ್ಸಲ ಮಾಡ್ಸಿದ್ದನ್ನ ಹತ್ತು ವರ್ಷ ನೋಡ್ಕೊಂಡು ಕೂತಿರ್ಬೇಕು.

ಎರಡನೇದು, ಮತ್ತೆ ಯಾರೂ ಕೇಳ್ದೇ ಇರೋದು, ಗೋಡೆ ಒಣಗಿದ್ಯಾ? ಮೈಸೂರಿನ ಅಗ್ರಹಾರ, ಕೆ.ಆರ್. ಮೊಹಲ್ಲಾ ಥರ ಹಳೇ ಬಡಾವಣೆ ಮನೆಗಳಲ್ಲಿ, ಮಂಡ್ಯ ಕಡೆ ಗದ್ದೆ ಪಕ್ಕ ನಾಲೆ ಪಕ್ಕ ಕಟ್ಟಿರೋ ಮನೆಗಳಲ್ಲಿ, ನೆಲದಿಂದ ಎರಡು ಮೂರು ಅಡಿ ತನಕ ಗೋಡೆ ಶೀತ ಎಳ್ಕೊಂಡಿರುತ್ತೆ, ಬಣ್ಣ ಹಪ್ಪಳದ ಥರ ಉಬ್ಬಿ ಉದುರ್ತಿರುತ್ತೆ, ಉದುರಿದ ಕಡೆ ಬಿಳೀ ಉಪ್ಪು ಕೂತಿರುತ್ತೆ. ಹೊಸಾ ಮನೆ ಆದ್ರೂ ಬಾತ್‌ರೂಮ್ ಗೋಡೆಯ ಈಚೆ ಪಕ್ಕ ನೋಡಿ, ಮೇಲ್ಗಡೆ ಸಿಂಟೆಕ್ಸ್ ಟ್ಯಾಂಕ್ ಇರೋ ಮೂಲೆ ನೋಡಿ. ಅನುಮಾನ ಇದ್ರೆ ಸುಲಭದ ಪರೀಕ್ಷೆ ಒಂದಿದೆ, ಒಂದಡಿ ಅಗಲದ ದಪ್ಪ ಪ್ಲಾಸ್ಟಿಕ್ ಶೀಟ್ ತಗೊಂಡು ಗೋಡೆಗೆ ಒತ್ತಿ ನಾಲ್ಕೂ ಕಡೆ ಗಾಳಿ ಹೋಗದಂಗೆ ಟೇಪ್ ಹಾಕಿ ಎರಡು ದಿನ ಬಿಡಿ. ತೆಗೆದಾಗ ಗೋಡೆ ಕಡೆ ಮುಖದಲ್ಲಿ ಹನಿ ಕಟ್ಟಿದ್ರೆ ನೀರು ಗೋಡೆ ಒಳಗಿಂದಾನೇ ಬರ್ತಿದೆ, ಈಚೆ ಮುಖದಲ್ಲಿ ತೇವ ಇದ್ರೆ ಅದು ಬರೀ ರೂಮಿನ ಗಾಳಿದು. ಒಳಗಿಂದ ಬರ್ತಿದ್ರೆ ಅಲಂಕಾರದ ಮಾತು ಆಮೇಲೆ, ಮೊದ್ಲು ಪ್ಲಂಬರ್ರೋ ಗಾರೆ ಕೆಲಸದವ್ರೋ ಬರ್ಬೇಕು. ನಮ್ಮ ಕಡೆ ಒಬ್ಬ ಹಳೇ ಪೇಂಟರ್ ಇದಾರೆ, ಅವಸರ ಮಾಡೋರಿಗೆಲ್ಲ ಅವರದ್ದು ಒಂದೇ ಉತ್ರ, "ಗ್ವಾಡೆ ಒಣಗ್ದೆ ನಾನ್ ಬ್ರಶ್ ಮುಟ್ಟಾಕಿಲ್ಲ ಕಣಣ್ಣೋ, ಆಮ್ಯಾಕೆ ಬಯ್ಯೋದು ನನ್ನೇ ತಾನೆ."

ಮೂರನೇದು ಮನೇಲಿ ಯಾರ್ಯಾರಿದ್ದಾರೆ. ಸ್ಕೆಚ್ ಪೆನ್ ಹಿಡ್ದಿರೋ ಮೂರು ವರ್ಷದ ಮಗು ಇರೋ ಮನೆಗೂ, ಗೋಡೆಗೆ ತಲೆ ಆನಿಸ್ಕೊಂಡು ಪೇಪರ್ ಓದೋ ತಾತ ಇರೋ ಮನೆಗೂ (ಕೊಬ್ಬರಿ ಎಣ್ಣೆ ಕಲೆ ಗೊತ್ತಲ್ಲ, ಸರಿಯಾಗಿ ತಲೆ ಎತ್ತರಕ್ಕೆ ಗುಂಡಗೆ), ಗಂಡ ಹೆಂಡ್ತಿ ಇಬ್ರೇ ಇರೋ ಮನೆಗೂ ಒಂದೇ ಸಲಹೆ ಕೊಡೋಕಾಗಲ್ಲ. ನಾಲ್ಕನೇದು ಹಬ್ಬ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಮೇಲೆ ಒಂಬತ್ತು ದಿನ ಗೊಂಬೆ. ಮೂರೋ ಐದೋ ಏಳೋ ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆ ಕೂರ್ಸೋ ಮನೆ ಆದ್ರೆ ಹಾಲಲ್ಲಿ ಒಂದು ಗೋಡೆ ಬರಿದಾಗಿರ್ಲೇಬೇಕು, ಆ ಗೋಡೆಗೆ ಏನೋ ಕಡ್ಡಿ ಕಂಬಿ ಪ್ಯಾನೆಲ್ ಹೊಡ್ಸಿ ಆಮೇಲೆ ವರ್ಷಾ ವರ್ಷಾ ಅದರ ಮೇಲೆ ಸೀರೆ ಕಟ್ಟಿ ಮುಚ್ಚೋದಾದ್ರೆ ಯಾಕ್ ಬೇಕು ಹೇಳಿ. ದೀಪ ಹಚ್ಚೋ ಜಾಗ, ಊದುಬತ್ತಿ ಹೊಗೆ, ಓಪನ್ ಕಿಚನ್ ಆದ್ರೆ ಒಗ್ಗರಣೆ ಜಿಡ್ಡು, ಇವೂ ಲೆಕ್ಕಕ್ಕೆ ಬರ್ಬೇಕು.

ಇನ್ನು ದುಡ್ಡು. ಅದು ಎಲ್ರಿಗೂ ಗೊತ್ತಿರೋದೇ, ಆದ್ರೆ ಮಾಡ್ಸೋ ಖರ್ಚು ಒಂದನ್ನೇ ಲೆಕ್ಕ ಹಾಕ್ತಾರೆ, ಕೀಳೋ ಖರ್ಚು ಹಾಕಲ್ಲ. ಬೇಜಾರಾದ ದಿನ ಅದನ್ನ ತೆಗ್ಸೋಕೆ ಎಷ್ಟಾಗುತ್ತೆ ಅನ್ನೋದನ್ನೂ ಅಂಗಡಿಯವ್ರನ್ನ ಈಗ್ಲೇ ಕೇಳಿ.

ಲೈಟು

ಬಣ್ಣ ವಾಲ್‌ಪೇಪರ್ ಎಲ್ಲ ಬಿಟ್ಟು ಇದನ್ನ ಯಾಕೆ ಮೊದ್ಲು ಹೇಳ್ತಿದೀನಿ ಅಂದ್ರೆ, ಕಮ್ಮಿ ದುಡ್ಡಿಗೆ ಜಾಸ್ತಿ ಬದಲಾವಣೆ ಕೊಡೋದು ಇದೊಂದೇ, ಬಾಡಿಗೆ ಮನೆಯವರಿಗೂ ನಡೆಯುತ್ತೆ. ನಮ್ಮ ಬಹಳಷ್ಟು ಹಾಲ್‌ಗಳಲ್ಲಿ ಇರೋದು ಒಂದು ಬಿಳೀ ಟ್ಯೂಬ್‌ಲೈಟು, ಸೀಲಿಂಗ್ ಕೆಳಗೆ ಗೋಡೆಗೆ ಹೊಡ್ದಿರೋದು. ಎಲ್‌ಇಡಿ ಡಬ್ಬದ ಮೇಲೆ 6500ಕೆ (ಕೆ ಅಂದ್ರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಬರ್ದಿದ್ರೆ ಅದು ನೀಲಿ ಮಿಶ್ರ ಬಿಳಿ, 4000ಕೆ ಅಂದ್ರೆ ಬೆಳಗಿನ ಹೊತ್ತಿನ ಬೆಳಕಿನಂಥದ್ದು, 2700ರಿಂದ 3000ಕೆ ಅಂದ್ರೆ ಹಳೇ ಬಲ್ಬಿನ ಹಳದಿ. ಅದೇ ಗೋಡೆ, ಅದೇ ಸೋಫಾ, 6500ರ ಬೆಳಕಲ್ಲಿ ಕ್ಲಿನಿಕ್ ವೇಟಿಂಗ್ ರೂಮ್ ಥರ ಕಾಣೋದು 3000ದ ಬೆಳಕಲ್ಲಿ ಮನೆ ಥರ ಕಾಣುತ್ತೆ. 9 ವ್ಯಾಟ್ ಬಲ್ಬು ನೂರು ರೂಪಾಯಿ ಆಸುಪಾಸಲ್ಲಿ ಸಿಗುತ್ತೆ, ಪರೀಕ್ಷೆ ಮಾಡಿ ನೋಡೋಕೆ ಏನು ಕಷ್ಟ?

ಆದ್ರೆ ಪೂರ್ತಿ ಹಳದಿ ಮಾಡ್ಬಿಟ್ರೆ ಮಕ್ಕಳು ಹಾಲಲ್ಲೇ ಕೂತು ಹೋಂವರ್ಕ್ ಮಾಡೋ ಮನೇಲಿ, ಅಕ್ಕಿ ಆರಿಸೋ ಅಜ್ಜಿ ಇರೋ ಮನೇಲಿ ಬೈಗುಳ ಗ್ಯಾರಂಟಿ. ಅದಕ್ಕೆ ಟ್ಯೂಬನ್ನ 4000ಕ್ಕೆ ಬದಲಾಯ್ಸಿ ಹಂಗೇ ಬಿಡಿ, ಇನ್ನೊಂದು ಹಳದಿ ಬೆಳಕು ಗೋಡೆ ಪಕ್ಕ ಬರೋ ಹಾಗೆ ಇಡಿ, ಸಾಯಂಕಾಲ ಅದೊಂದನ್ನೇ ಹಾಕ್ಕೊಳ್ಳಿ. ಅದಕ್ಕೆ ಹೊಸ ಪಾಯಿಂಟ್ ಎಳ್ಸೋಕೆ ಗೋಡೆ ಕೊರ್ಸೋದು ಬೇಡ, ಪ್ಲಗ್‌ಗೆ ಹಾಕೋ ನಿಲ್ಲೋ ದೀಪ, ಟೇಬಲ್ ಲ್ಯಾಂಪ್ ಸಾಕು. ಫಾಲ್ಸ್ ಸೀಲಿಂಗ್ ಮಾಡ್ಸಿ ಅದರೊಳಗೆ ಸುತ್ತಾ ಸ್ಟ್ರಿಪ್ ಲೈಟ್ ಹಾಕ್ಸೋದು ಬೇರೇನೇ ಲೆಕ್ಕ, ಹತ್ತಡಿ ಎತ್ತರದ ಹಾಲ್‌ಗೆ ಅದು ತಲೆ ಮೇಲೆ ಕೂತಂಗಾಗುತ್ತೆ, ನಂಗಂತೂ ಇಷ್ಟ ಇಲ್ಲ.

ಕರ್ಟನ್

ಎರಡನೇ ಸುಲಭದ್ದು ಇದು, ಹೋಗುವಾಗ ಬಿಚ್ಕೊಂಡು ಹೋಗ್ಬಹುದು. ರೆಡಿಮೇಡ್ ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಉದ್ದದ್ದು ಬೇಕಂದ್ರೆ 9 ಅಡಿ ಅಂತ ಬರುತ್ತೆ, ಒಂದು ಪೀಸ್ ಅಗಲ ಸಾಮಾನ್ಯ 4 ಅಡಿ. ಎಲ್ರೂ ತಪ್ಪೋದು ಎರಡು ಕಡೆ. ಕಿಟಕಿ ಅಗಲ ನಾಲ್ಕಡಿ ಅಂತ ಒಂದೇ ಪೀಸ್ ತರ್ತಾರೆ, ಅದು ಎಳೆದಾಗ ಬೆಡ್‌ಶೀಟ್ ನೇತಾಕಿದ ಹಾಗೆ ಚಪ್ಪಟೆ ಆಗುತ್ತೆ, ನೆರಿಗೆ ಬೀಳ್ಬೇಕಂದ್ರೆ ಕಿಟಕಿ ಅಗಲದ ಎರಡರಷ್ಟು ಬಟ್ಟೆ ಬೇಕು. ಇನ್ನೊಂದು, ರಾಡ್‌ನ ಕಿಟಕಿ ಚೌಕಟ್ಟಿಗೇ ಹೊಡೀತಾರೆ. ಚೌಕಟ್ಟಿನಿಂದ ಅರ್ಧ ಅಡಿ ಮೇಲೆ, ಆ ಕಡೆ ಈ ಕಡೆ ಅರ್ಧರ್ಧ ಅಡಿ ಜಾಸ್ತಿ ಇಟ್ಟು ಹೊಡ್ಸಿದ್ರೆ ಸರಿಸಿದಾಗ ಬಟ್ಟೆ ಎಲ್ಲ ಗೋಡೆ ಮೇಲೆ ಹೋಗಿ ಕಿಟಕಿ ಪೂರ್ತಿ ತೆರ್ಕೊಳ್ಳುತ್ತೆ, ಬೆಳಕೂ ಜಾಸ್ತಿ, ಕಿಟಕಿನೂ ದೊಡ್ಡದು ಕಂಡಂಗೆ ಆಗುತ್ತೆ.

ಬಟ್ಟೆ ವಿಷಯಕ್ಕೆ ಬಂದ್ರೆ ಪಾಲಿಯೆಸ್ಟರ್‌ದು ಒಗೆದ್ರೆ ಬೇಗ ಒಣಗುತ್ತೆ, ಬಣ್ಣ ಹೋಗಲ್ಲ, ಇಸ್ತ್ರಿ ಬೇಡ, ರೇಟೂ ಕಮ್ಮಿ, ಮೇನ್ ರೋಡ್ ಪಕ್ಕದ ಮನೆಗೆ ಅದೇ ಸರಿ, ಯಾಕಂದ್ರೆ ತಿಂಗಳಿಗೊಂದ್ಸಲ ಒಗೀಲೇಬೇಕು ಆ ಧೂಳಿಗೆ. ಕೈಮಗ್ಗದ ಕಾಟನ್ ನೋಡೋಕೆ ಬೇರೆ ಥರಾನೇ, ಬೆಳಕು ಅದರೊಳಗಿಂದ ಸೋಸಿ ಬರೋ ರೀತಿ ಪಾಲಿಯೆಸ್ಟರ್‌ಗೆ ಬರಲ್ಲ. ಪ್ರಿಯದರ್ಶಿನಿ ಶೋರೂಮಲ್ಲೋ ಖಾದಿ ಭಂಡಾರದಲ್ಲೋ ಮೀಟರ್ ಲೆಕ್ಕದಲ್ಲಿ ತಗೊಂಡು ಟೈಲರ್ ಹತ್ರ ಹೊಲಿಸ್ಬಹುದು. ನಂಜನಗೂಡು ಪಕ್ಕ ಬದನವಾಳು ಇದ್ಯಲ್ಲ, ಗಾಂಧೀಜಿ ಬಂದು ಹೋದ ಖಾದಿ ಕೇಂದ್ರ, ಆ ಕಡೆ ಹೋದ್ರೆ ಅಲ್ಲೂ ಒಂದು ಕಣ್ಣು ಹಾಕಿ. ಆದ್ರೆ ಕಾಟನ್ ಮೊದಲ್ನೇ ಒಗೆತಕ್ಕೆ ಕುಗ್ಗುತ್ತೆ, ಹೊಲಿಸೋ ಮುಂಚೆ ಒಂದ್ಸಲ ನೀರಲ್ಲಿ ನೆನೆಸಿ ಒಣಗಿಸ್ಬೇಕು, ಇಲ್ಲಾಂದ್ರೆ ಏಳಡಿ ಕರ್ಟನ್ ಮೊಳಕಾಲಿಗೆ ಬರುತ್ತೆ. ಪಶ್ಚಿಮದ ಕಿಟಕಿ ಆದ್ರೆ ಒಂದೆರಡು ಬೇಸಿಗೇಲಿ ಬಿಸಿಲು ಬಿದ್ದ ಮಡಿಕೆ ಮಡಿಕೆ ಬಣ್ಣ ಹಾರಿರುತ್ತೆ, ಅಲ್ಲಿಗೆ ಗಾಢ ಬಣ್ಣ ತಗೊಳ್ಬೇಡಿ, ತಿಳಿ ಬಣ್ಣ ಹಾರಿದ್ರೂ ಗೊತ್ತಾಗಲ್ಲ.

ಬಣ್ಣ

ಸ್ವಂತ ಮನೆ, ಗೋಡೆ ಒಣಗಿದೆ, ಹತ್ತು ಹದಿನೈದು ಸಾವಿರದ ಒಳಗೆ ಮುಗೀಬೇಕು ಅನ್ನೋರಿಗೆ ನನ್ನ ವೋಟು ಬಣ್ಣಕ್ಕೇ. ಹತ್ತಡಿ ಎತ್ತರ ಹನ್ನೆರಡಡಿ ಅಗಲದ ಗೋಡೆ ಅಂದ್ರೆ 120 ಚದರಡಿ, ಎಮಲ್ಷನ್ (ನೀರು ಬೆರೆಸಿ ಹೊಡ್ಯೋ ಬಣ್ಣ, ಪ್ಲಾಸ್ಟಿಕ್ ಪೇಂಟ್ ಅಂತಾರಲ್ಲ ಅದು) ಎರಡು ಕೋಟ್ ಹೊಡ್ಯೋಕೆ ಲೀಟರ್‌ಗೆ ಹತ್ತಿರತ್ತಿರ 100ರಿಂದ 140 ಚದರಡಿ ಬರುತ್ತೆ, ಅಂದ್ರೆ ಒಂದು ಗೋಡೆಗೆ ಲೀಟರ್ ಡಬ್ಬ ಒಂದು ಸಾಕು, ಗೋಡೆ ಬಹಳ ಹೀರಿದ್ರೆ ಇನ್ನೊಂದು ಸ್ವಲ್ಪ. ಲೀಟರ್‌ಗೆ ಸಾದಾ ಎಮಲ್ಷನ್ ಇನ್ನೂರು ಚಿಲ್ರೆಯಿಂದ ಸಿಗುತ್ತೆ, ತೊಳೆಯೋಕೆ ಬರೋ ಒಳ್ಳೇದು ಐನೂರು ಆರ್ನೂರು ದಾಟುತ್ತೆ. ಒಂದು ಗೋಡೆಗೆ ಈ ವ್ಯತ್ಯಾಸ ಏನೂ ಅಲ್ಲ, ಕೂಲಿ ಎರಡಕ್ಕೂ ಒಂದೇ, ಅದಕ್ಕೆ ಮಕ್ಕಳಿರೋರು ಕಣ್ಣುಮುಚ್ಚಿ ಒಳ್ಳೇದು ತಗೊಳ್ಳಿ. ಓಟಿನ ಮಸಿ ಒಂದು ಬಿಟ್ಟು (ಅದೂ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೇದೇ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾಗಿ 1962ರ ಚುನಾವಣೆಯಿಂದ ಮಸಿ ಮಾಡ್ತಿರೋದು) ಮಿಕ್ಕಿದ್ದು ಹೆಚ್ಚು ಕಮ್ಮಿ ಎಲ್ಲಾ ಒದ್ದೆ ಸ್ಪಂಜಿಗೆ ಹೋಗುತ್ತೆ.

ಹೊಳಪಿರೋದು ಬೇಕಾ ಮ್ಯಾಟ್ ಬೇಕಾ ಅಂತ ಇನ್ನೊಂದು ತಲೆಬಿಸಿ. ಹೊಳಪಿರೋದು ಚೆನ್ನಾಗಿ ತೊಳೆಯೋಕೆ ಬರುತ್ತೆ, ಆದ್ರೆ ಗೋಡೆ ಉಬ್ಬು ತಗ್ಗು, ತೇಪೆ ಹಾಕಿದ್ದು, ಮೇಸ್ತ್ರಿ ಕೈ ನಡುಗಿದ್ದು ಎಲ್ಲಾ ರಾತ್ರಿ ಲೈಟಲ್ಲಿ ಎದ್ದು ಕಾಣುತ್ತೆ. ಮ್ಯಾಟ್ ಅದನ್ನೆಲ್ಲ ಮುಚ್ಕೊಳ್ಳುತ್ತೆ, ಆದ್ರೆ ತಾತನ ಎಣ್ಣೆ ಕಲೆ ಉಜ್ಜಿದ್ರೆ ಉಜ್ಜಿದ ಜಾಗ ಹೊಳೀತದೆ. ಹೊಸ ಮನೆ, ಗೋಡೆ ನುಣ್ಣಗೆ ಮಾಡೋಕೆ ಬಳಿಯೋ ಪುಟ್ಟಿ ನೀಟಾಗಿದೆ, ಮಕ್ಕಳಿದ್ದಾರೆ ಅಂದ್ರೆ ಸ್ವಲ್ಪ ಹೊಳಪಿನದ್ದು, ಹಳೇ ಗೋಡೆ ದೊಡ್ಡೋರೇ ಇರೋ ಮನೆ ಅಂದ್ರೆ ಮ್ಯಾಟ್.

ಡಿಸ್ಟೆಂಪರ್ ಅಗ್ಗ, ಬಾಡಿಗೆಗೆ ಕೊಡೋ ಮನೆಗೆ ಓನರ್ರು ಹೊಡ್ಸೋದು ಅದನ್ನೇ, ಒರೆಸಿದ್ರೆ ಬಟ್ಟೆಗೇ ಬಣ್ಣ ಬರುತ್ತೆ. ಹಳೇ ಡಿಸ್ಟೆಂಪರ್ ಮೇಲೆ ಹಾಗೇ ಎಮಲ್ಷನ್ ಹೊಡ್ಸಿದ್ರೆ ಪದರ ಪದರ ಎದ್ದು ಬರುತ್ತೆ, ಕೆರೆದು ಪ್ರೈಮರ್ ಹಾಕ್ಲೇಬೇಕು, ಕಂಟ್ರಾಕ್ಟ್ ಮಾತಾಡುವಾಗ ಕೆರೆಯೋದು ಸೇರಿ ಅಂತ ಬಾಯ್ಬಿಟ್ಟು ಹೇಳಿ. ಇನ್ನು ಶೀತದ ಹಳೇ ಮಣ್ಣಿನ ಗೋಡೆಗೆ, ನಗಬೇಡಿ, ಸುಣ್ಣಾನೇ ಒಳ್ಳೇದು. ಸುಣ್ಣದೊಳಗಿಂದ ಗೋಡೆ ತೇವ ಆರಿ ಹೋಗುತ್ತೆ, ಎಮಲ್ಷನ್ನು ಆಯಿಲ್ ಪೇಂಟು ಅದನ್ನ ಒಳಗೇ ಹಿಡಿದಿಟ್ಟು ಆಮೇಲೆ ಉಬ್ಸುತ್ತೆ. ಆ ಬಿಳೀ ಗೋಡೆ ಕೆಳಗೆ ರೆಡ್ ಆಕ್ಸೈಡ್ ನೆಲ ಇದ್ರಂತೂ ಬೇರೆ ಡೆಕೋರೇಷನ್ನೇ ಬೇಡ. ಸುಣ್ಣ ಬಟ್ಟೆಗೆ ಹತ್ತುತ್ತೆ ಅನ್ನೋದು ನಿಜ, ಗೋಡೆಗೆ ಒರಗೋ ಜಾಗದಲ್ಲಿ ಒಂದು ಚಾಪೆಯೋ ಮರದ ಪಟ್ಟಿಯೋ ಬೇಕಾಗುತ್ತೆ.

ಬಣ್ಣ ಯಾವುದು ಅಂತ ನಾನು ಹೇಳಲ್ಲ. ಒಂದು ಮಾತು ಮಾತ್ರ, ಅಂಗಡಿ ಶೇಡ್ ಕಾರ್ಡಿನ ಬೆರಳಗಲದ ಚೌಕ ನೋಡಿ ಒಪ್ಕೋಬೇಡಿ, ಅದೇ ಬಣ್ಣ ಗೋಡೆ ತುಂಬಾ ಬಂದಾಗ ಎರಡು ಪಟ್ಟು ಗಾಢ ಕಾಣುತ್ತೆ. ಚಿಕ್ಕ ಸ್ಯಾಂಪಲ್ ಡಬ್ಬ ತಂದು ಎರಡಡಿ ಚೌಕ ಬಳ್ದು ಬೆಳಿಗ್ಗೆ ನೋಡಿ, ಮಧ್ಯಾಹ್ನ ನೋಡಿ, ರಾತ್ರಿ ಹೊಸ ಬಲ್ಬು ಹಾಕಿ ನೋಡಿ. ಲೈಟ್ ಮೊದ್ಲು ಅಂದಿದ್ದು ಇದಕ್ಕೇ. ಟೆಕ್ಸ್ಚರ್ ಪೇಂಟ್ ಬಗ್ಗೆ ಕೇಳೋರಿಗೆ ಚುಟುಕಾಗಿ, ಧೂಳು ಕೂರುತ್ತೆ, ತೆಗೀಬೇಕಂದ್ರೆ ಉಳಿ ಹಿಡೀಬೇಕು, ಬಿಟ್ಬಿಡಿ.

ವಾಲ್‌ಪೇಪರ್

ಇದರ ಆಸೆ ಎಲ್ರಿಗೂ ಇದೆ, ಒಪ್ಕೊಳ್ತೀನಿ, ಹೂವು ಬಳ್ಳಿ ಚಿತ್ತಾರ ಪೇಂಟರ್ ಕೈಲಿ ಬರ್ಸೋಕಾಗುತ್ತಾ? ನಮ್ಮಲ್ಲಿ ಸಾಮಾನ್ಯ ಸಿಗೋ ರೋಲ್ 21 ಇಂಚು ಅಗಲ 33 ಅಡಿ ಉದ್ದ, ಒಟ್ಟು 57 ಚದರಡಿ. 120 ಚದರಡಿ ಗೋಡೆಗೆ ಎರಡು ರೋಲ್ ಸಾಕಲ್ವಾ ಅನ್ಸುತ್ತೆ, ಸಾಕಾಗಲ್ಲ. ಹತ್ತಡಿ ಎತ್ತರಕ್ಕೆ ಒಂದು ರೋಲಲ್ಲಿ ಮೂರು ಪಟ್ಟಿ ಬರುತ್ತೆ, ಹನ್ನೆರಡಡಿ ಅಗಲಕ್ಕೆ ಏಳು ಪಟ್ಟಿ ಬೇಕು, ಅಂದ್ರೆ ಮೂರು ರೋಲ್, ದೊಡ್ಡ ಡಿಸೈನ್ ಆದ್ರೆ ಪಟ್ಟಿಯಿಂದ ಪಟ್ಟಿಗೆ ಹೂ ಕೂಡಿಸೋಕೆ ಕತ್ತರಿಸಿ ಎಸೆಯೋದು ಬೇರೆ. ರೋಲ್‌ಗೆ ಸಾವಿರ ಚಿಲ್ರೆಯಿಂದ ಮೂರು ನಾಲ್ಕು ಸಾವಿರದ ತನಕ ಇದೆ, ಅಂಟು ಕೂಲಿ ಮೇಲೆ. ಅದೇ ಗೋಡೆಗೆ ಒಳ್ಳೇ ಬಣ್ಣ ಆಗೋದರ ಹಲವು ಪಟ್ಟು ಆಯ್ತು.

ದುಡ್ಡು ಹೋಗ್ಲಿ, ಶೀತದ ಗೋಡೆಗೆ ಹಾಕ್ಸಿದ್ರೆ ಹಿಂದೆ ಬೂಷ್ಟು ಹಿಡಿದು ಮಳೆಗಾಲದಲ್ಲಿ ವಾಸನೆ ಶುರು. ಜಾಯಿಂಟ್ ಎದ್ದ ಕಡೆ ಮಕ್ಕಳು ಉಗುರು ಹಾಕದೇ ಬಿಡಲ್ಲ. ದೇವರ ಮೂಲೆ ಹತ್ರ, ದೀಪ ಇಡೋ ಗೋಡೆಗಂತೂ ಬೇಡವೇ ಬೇಡ. ಹಾಗಾದ್ರೆ ಯಾರಿಗೆ ಸರಿ ಅಂದ್ರೆ, ಒಣಗಿದ ಹೊಸ ಫ್ಲಾಟು, ಪುಟ್ಟಿ ಚೆನ್ನಾಗಿದೆ, ಚಿಕ್ಕ ಮಕ್ಕಳಿಲ್ಲ, ಒಂದೇ ಒಂದು ಚಿಕ್ಕ ಗೋಡೆ, ಉದಾಹರಣೆಗೆ ಊಟದ ಟೇಬಲ್ ಹಿಂದೆ, ಅಥವಾ ಬೆಡ್‌ರೂಮಲ್ಲಿ ಮಂಚದ ತಲೆ ಕಡೆ. ಆನ್‌ಲೈನಲ್ಲಿ ಬರೋ ಸಿಪ್ಪೆ ಸುಲಿದು ಅಂಟ್ಸೋ ಸ್ಟಿಕ್ಕರ್ ಶೀಟ್ ಬಾಡಿಗೆ ಮನೆಗೆ ಚೆನ್ನಾಗಿರುತ್ತೆ ಅಂತ ಹೇಳ್ತಾರೆ, ಕೀಳುವಾಗ ಓನರ್ ಡಿಸ್ಟೆಂಪರ್ ಪೂರಾ ಅದರ ಜೊತೇನೇ ಬರುತ್ತೆ. ಅದನ್ನ ವಾರ್ಡ್‌ರೋಬ್ ಬಾಗಿಲಿಗೆ, ಹಳೇ ಫ್ರಿಜ್‌ಗೆ ಅಂಟ್ಸಿ, ಅಲ್ಲಿ ಸರಿಯಾಗಿ ಕೂರುತ್ತೆ.

ಒಂದು ಗೋಡೆ ಸಾಕಾಗಲ್ಲ ನಾಲ್ಕೂ ಗೋಡೆಗೆ ಚಿತ್ತಾರ ಬೇಕು ಅನ್ನೋರು ಒಂದು ಭಾನುವಾರ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋಗ್ಬನ್ನಿ. 1784ರಲ್ಲಿ ಟಿಪ್ಪು ಕಟ್ಸಿದ್ದು, ಪಶ್ಚಿಮದ ಹೊರಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ, ಒಳಗೆ ಹೂ ಬಳ್ಳಿ, ಕಂಬ ಕಮಾನು ಯಾವ್ದನ್ನೂ ಬಿಟ್ಟಿಲ್ಲ, ಆದ್ರೂ ಕಣ್ಣಿಗೆ ಭಾರ ಅನ್ಸಲ್ಲ. ಯಾಕಂದ್ರೆ ಸುತ್ತಾ ಅಗಲ ವರಾಂಡ, ಆಚೆ ತೋಟ, ದೂರದಲ್ಲಿ ನಿಂತು ನೋಡೋ ಜಾಗ ಇದೆ. ನಮ್ಮ ಹಾಲಲ್ಲಿ ಸೋಫಾದಿಂದ ಎದುರು ಗೋಡೆಗೆ ಹತ್ತಡಿ, ಮಧ್ಯ ಟಿವಿ, ಒಣಗಾಕಿರೋ ಯೂನಿಫಾರ್ಮು.

ಪ್ಯಾನೆಲ್

ಈಗ ನಡೀತಿರೋ ಹುಚ್ಚು ಇದು, ಪಿವಿಸಿ (ಪ್ಲಾಸ್ಟಿಕ್), ಡಬ್ಲ್ಯೂಪಿಸಿ (ಮರದ ಪುಡಿ ಪ್ಲಾಸ್ಟಿಕ್ ಬೆರೆಸಿದ್ದು), ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂತ ಮೂರು ಥರ. ಟಿವಿ ಹಿಂದೆ ಹಾಕ್ಸಿದ್ರೆ ವೈರು, ಸೆಟ್‌ಟಾಪ್ ಬಾಕ್ಸು, ವೈಫೈ ಡಬ್ಬ ಎಲ್ಲಾ ಒಳಗೆ ಅಡಗುತ್ತೆ, ಅದೊಂದು ನಿಜವಾದ ಲಾಭ, ಬಣ್ಣದಿಂದ ಅದಾಗಲ್ಲ. ಆದ್ರೆ ಎಂಡಿಎಫ್ ನೀರು ಕಂಡ್ರೆ ಊದ್ಕೊಳ್ಳುತ್ತೆ, ಗೆದ್ದಲಿಗೂ ಪ್ರೀತಿ, ನಮ್ಮ ಕಡೆ ಮಣ್ಣಲ್ಲಿ ಗೆದ್ದಲು ಇಲ್ಲದ ಜಾಗ ಯಾವುದು ಹೇಳಿ. ಪಿವಿಸಿಗೆ ಗೆದ್ದಲಿಲ್ಲ, ನೀರಿಗೆ ಹೆದರಲ್ಲ, ಆದ್ರೆ ಬಿಸಿಗೆ ಮೆತ್ತಗಾಗುತ್ತೆ, ದೀಪದ ಹತ್ರ ಬೇಡ. ಡಬ್ಲ್ಯೂಪಿಸಿ ಎರಡಕ್ಕಿಂತ ಗಟ್ಟಿ, ರೇಟೂ ಅದಕ್ಕೆ ತಕ್ಕಂತೆ.

ನಂಗೆ ಸಿಟ್ಟು ಬರೋದು ಒಂದೇ ಮಾತಿಗೆ, ಶೀತದ ಗೋಡೆ ಇದ್ಯಾ, ಪ್ಯಾನೆಲ್ ಹಾಕ್ಸಿಬಿಡಿ ಸಾರ್ ಕಾಣೋದೇ ಇಲ್ಲ ಅಂತ ಹೇಳಿ ಮಾರೋದು. ಕಾಣಲ್ಲ ಸರಿ, ಹಿಂದೆ ನೀರು ಇಳೀತಾನೇ ಇರುತ್ತೆ, ಜಿರಲೆ ಹಲ್ಲಿಗೆ ಮನೆ ಆಗುತ್ತೆ, ಮೂರು ವರ್ಷಕ್ಕೆ ಬಿಚ್ಚಿದ್ರೆ ಪ್ಲಾಸ್ಟರ್ ಕೈಗೆ ಬರುತ್ತೆ. ಪಟ್ಟಿ ಪಟ್ಟಿ ಇರೋದರ ಸಂದು ಸಂದಿಗೂ ಧೂಳು ಬೇರೆ, ಅದನ್ನ ಒರೆಸೋರು ಯಾರು ಅನ್ನೋದನ್ನ ಫೋಟೋ ತೋರ್ಸಿದ ಮಗಳ ಹತ್ರಾನೇ ಕೇಳಿ. ಹಾಕ್ಸೋದೇ ಆದ್ರೆ ಟಿವಿ ಹಿಂದೆ ನಾಲ್ಕೈದು ಅಡಿ ಅಗಲ ಮಾತ್ರ ಹಾಕ್ಸಿ, ಗೊಂಬೆ ಗೋಡೆ ಬಿಟ್ಟು.

ಚಿತ್ರ, ಗೊಂಬೆ, ಮರದ ಕೆಲಸ

ಇದು ಬೇರೆ ಎಲ್ಲದರ ಹಾಗೆ ಒಂದೇ ವಾರದಲ್ಲಿ ಮುಗಿಸೋ ಬಾಬತ್ತಲ್ಲ, ಆದ್ರೆ ಮೈಸೂರಲ್ಲಿದ್ದು ಆನ್‌ಲೈನಿಂದ ಬುದ್ಧನ ತಲೆ ಪ್ರಿಂಟ್ ತರ್ಸೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಮೈಸೂರು ಶೈಲಿ ಚಿತ್ರಕ್ಕೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು ಇದೆ. ತಂಜಾವೂರಿನದ್ದರ ಹಾಗೆ ಉಬ್ಬು ಜಾಸ್ತಿ ಇಲ್ಲ, ಕಲ್ಲು ಕೂರ್ಸಲ್ಲ, ತೆಳ್ಳಗೆ ಗೆಸ್ಸೊ ಅನ್ನೋ ಲೇಪ ಎತ್ತಿ ಅದರ ಮೇಲೆ ಚಿನ್ನದ ಹಾಳೆ, ಗೆರೆ ಎಲ್ಲಾ ಕೂದಲೆಳೆ ಸಣ್ಣ. ಜಗನ್ಮೋಹನ ಅರಮನೇಲಿ ಹಳೇವು ಇವೆ, ಒಂದ್ಸಲ ಹತ್ರ ನಿಂತು ದೇವಿ ಸೀರೆ ಅಂಚು ನೋಡಿ ಬಂದ್ರೆ ಅಂಗಡೀಲಿ ಯಾವುದು ಕೈ ಕೆಲಸ ಯಾವುದು ಪ್ರಿಂಟು ಅನ್ನೋದು ತಾನಾಗೇ ಗೊತ್ತಾಗುತ್ತೆ. ಕೈ ಕೆಲಸ ಚಿಕ್ಕದಕ್ಕೂ ಸಾವಿರಾರು ರೂಪಾಯಿ, ಕಮ್ಮಿ ಬಜೆಟ್ಟಿಗೆ ಒಳ್ಳೇ ಪ್ರಿಂಟ್ ಹಾಕ್ಸಿ ಫ್ರೇಮ್ ಚೆನ್ನಾಗಿ ಕಟ್ಸಿದ್ರೂ ತಪ್ಪಿಲ್ಲ, ಪ್ರಿಂಟ್ ಅಂತ ಗೊತ್ತಿದ್ದು ಪ್ರಿಂಟ್ ರೇಟಿಗೆ ತಗೊಂಡ್ರೆ ಆಯ್ತು. ಬಿಸಿಲು ಬೀಳೋ ಗೋಡೆಗೆ, ಶೀತದ ಗೋಡೆಗೆ ಹಾಕ್ಬೇಡಿ, ಫ್ರೇಮ್ ಹಿಂದೆ ಕೆಳಗಡೆ ಎರಡು ಚಿಕ್ಕ ಬಿರಡೆ ತುಂಡು ಅಂಟ್ಸಿ ಗಾಳಿ ಆಡೋಕೆ, ಒದ್ದೆ ಬಟ್ಟೆ ಮುಟ್ಟಿಸ್ಬೇಡಿ.

ಬೀಟೆ ಮರದ ಇನ್‌ಲೇ ಕೆಲಸ ಸಯ್ಯಾಜಿರಾವ್ ರಸ್ತೆ ಕಾವೇರಿ ಎಂಪೋರಿಯಂನಲ್ಲಿ ನೋಡಿ, ರೇಟಿನ ಅಂದಾಜು ಸಿಗುತ್ತೆ. ಮೊದ್ಲೆಲ್ಲ ಆನೆ ದಂತ ಕೂರಿಸ್ತಿದ್ರು, ಈಗ ಅದು ನಿಷೇಧ, ಬೇರೆ ಬೇರೆ ಬಣ್ಣದ ಮರ, ಪ್ಲಾಸ್ಟಿಕ್ ಬಳಸ್ತಾರೆ, ಹೊಸದನ್ನ ದಂತ ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬನ್ನಿ. ಮಕ್ಕಳಿರೋ ಮನೆಗೆ ಚನ್ನಪಟ್ಟಣದ ಮರದ ಗೊಂಬೆ ಸರಿ, ಅರಗಿನ ಬಣ್ಣದ್ದು, ಒಂದು ಶೆಲ್ಫಿಗೆ ನಾಲ್ಕು ಜೋಡಿಸಿದ್ರೆ ಮೂಲೆ ತುಂಬುತ್ತೆ, ದಸರಾಗೆ ಮೆಟ್ಟಿಲಿಗೂ ಆಗುತ್ತೆ, ಬಾಕಿ ದಿನ ಮಕ್ಕಳು ಆಡ್ಲಿ. ಬೆಂಗಳೂರು-ಮೈಸೂರು ಹೊಸ ಹೈವೇ ಚನ್ನಪಟ್ಟಣದ ಒಳಗೆ ಹೋಗದೆ ಬೈಪಾಸಲ್ಲೇ ದಾಟಿಸುತ್ತೆ, ಹಳೇ ರಸ್ತೆಗೆ ಇಳೀಬೇಕು.

ನೇತಾಕೋ ಎತ್ತರ ಇನ್ನೊಂದು ಸಮಸ್ಯೆ, ನಮ್ಮವ್ರು ಫೋಟೋ ಎಲ್ಲಾ ಬಾಗಿಲ ಮೇಲೆ ಸೀಲಿಂಗ್ ಹತ್ರ ಹೊಡೀತಾರೆ, ತೀರಿಹೋದ ಹಿರಿಯರ ಫೋಟೋ ಹಾಕಿ ಹಾಕಿ ಅಭ್ಯಾಸ. ಚಿತ್ರದ ನಡುಭಾಗ ನೆಲದಿಂದ ಐದಡಿ ಹತ್ರ ಬರ್ಬೇಕು, ನಿಂತವರ ಕಣ್ಣಿಗೆ ನೇರ. ಬಾಡಿಗೆ ಮನೆಗೆ ಮೊಳೆ ಬೇಡ ಅಂದ್ರೆ ಅಂಟಿಸೋ ಹುಕ್ ಇದೆ, ಆದ್ರೆ ಡಿಸ್ಟೆಂಪರ್ ಗೋಡೇಲಿ ಅದು ನಿಲ್ಲಲ್ಲ, ಗಾಜಿನ ಫ್ರೇಮ್ ನೇತಾಕೋ ಧೈರ್ಯ ಮಾಡ್ಬೇಡಿ, ಟೇಬಲ್ ಮೇಲೋ ಶೆಲ್ಫ್ ಮೇಲೋ ಗೋಡೆಗೆ ಒರಗಿಸಿ ಇಡಿ.

ಗಿಡ ಇಷ್ಟ ಅಂದ್ರೆ ಮನಿ ಪ್ಲಾಂಟು, ಸ್ನೇಕ್ ಪ್ಲಾಂಟು, ಕಮ್ಮಿ ಬೆಳಕಲ್ಲೂ ಬದುಕುತ್ತೆ, ಆದ್ರೆ ಅಂಬೆಗಾಲಿಡೋ ಮಗು ಇದ್ರೆ ಕೈಗೆ ಸಿಗದಷ್ಟು ಮೇಲೆ ಇಡಿ, ಮನಿ ಪ್ಲಾಂಟ್ ಎಲೆ ಕಚ್ಚಿದ್ರೆ ಬಾಯಿ ಉರಿಯುತ್ತೆ. ಬಾಟಲಿ ನೀರು, ಕುಂಡದ ಕೆಳಗಿನ ತಟ್ಟೆ ನೀರು ವಾರಕ್ಕೊಮ್ಮೆ ಚೆಲ್ಲಿ, ಡೆಂಗೀ ಸೊಳ್ಳೆ ಮೊಟ್ಟೆ ಇಡೋಕೆ ಅಷ್ಟು ನೀರೇ ಸಾಕು.

ಹಾಗಾದ್ರೆ ನಿಮಗೆ ಯಾವುದು

ಬಾಡಿಗೆ ಮನೆ, ಕೈಲಿ ಮೂರು ನಾಲ್ಕು ಸಾವಿರ ಇದೆ ಅಂದ್ರೆ ಬಲ್ಬು, ಒಂದು ನಿಲ್ಲೋ ದೀಪ, ಕಿಟಕಿಗೆ ಸರಿಯಾದ ಅಗಲದ ಕರ್ಟನ್, ಅಲ್ಲಿಗೆ ನಿಲ್ಸಿ. ಸ್ವಂತ ಹಳೇ ಮನೆ, ಗೋಡೆ ಶೀತ ಇದೆ, ಹದಿನೈದು ಸಾವಿರ ಇದೆ ಅಂದ್ರೆ ಅದರಲ್ಲಿ ಹೆಚ್ಚಿನ ಪಾಲು ಸೋರೋ ಪೈಪಿಗೆ, ಗಾರೆ ಕೆಲಸಕ್ಕೆ ಹೋಗ್ಲಿ, ಉಳಿದಿದ್ದಕ್ಕೆ ಸುಣ್ಣ ಬಳ್ಸಿ ಒಂದು ಒಳ್ಳೇ ಲೈಟ್ ಹಾಕಿ. ಸ್ವಂತ ಮನೆ, ಒಣ ಗೋಡೆ, ಚಿಕ್ಕ ಮಕ್ಕಳು ಅಂದ್ರೆ ತೊಳೆಯೋ ಎಮಲ್ಷನ್ನು, ಕೈಗೆಟುಕೋ ಎತ್ತರದಲ್ಲಿ ಏನೂ ನೇತಾಕ್ಬೇಡಿ. ಹೊಸ ಫ್ಲಾಟು, ನಲವತ್ತು ಐವತ್ತು ಸಾವಿರ ಖರ್ಚು ಮಾಡೋಕೆ ರೆಡಿ ಇದೀರಾ ಅಂದ್ರೆ ಪೂರಾ ಗೋಡೆ ಪ್ಯಾನೆಲ್‌ಗೆ ಸುರೀಬೇಡಿ, ಟಿವಿ ಹಿಂದೆ ಚಿಕ್ಕದಾಗಿ ಮಾಡ್ಸಿ, ಮಿಕ್ಕಿದ್ದಕ್ಕೆ ಒಂದು ಕೈ ಕೆಲಸದ ಮೈಸೂರು ಚಿತ್ರ ತಗೊಳ್ಳಿ, ಮನೆ ಬದಲಾದ್ರೂ ಅದು ಜೊತೇಲಿ ಬರುತ್ತೆ.

ಯಾವಾಗ ಮಾಡ್ಸೋದು ಅನ್ನೋದೂ ಇದೆ. ದಸರಾ ದೀಪಾವಳಿ ಮುಂಚೆ ಎಲ್ರೂ ಪೇಂಟರ್ ಹಿಂದೆ ಬಿದ್ದಿರ್ತಾರೆ, ಕೂಲಿ ಜಾಸ್ತಿ, ಕೆಲಸ ಅರ್ಜೆಂಟು, ಮೇಲೆ ಸೆಪ್ಟೆಂಬರ್ ಅಕ್ಟೋಬರ್ ನಮ್ಮ ಕಡೆ ಮಳೆ ಜೋರಿರೋ ತಿಂಗಳು, ಪುಟ್ಟಿ ಒಣಗಲ್ಲ. ಹಬ್ಬಕ್ಕೆ ಲೈಟು ಕರ್ಟನ್ ಮುಗಿಸ್ಕೊಂಡು ಬಣ್ಣಾನ ಸಂಕ್ರಾಂತಿ ಆದ್ಮೇಲೆ ಇಟ್ಕೊಂಡ್ರೆ ಗೋಡೆನೂ ಒಣಗಿರುತ್ತೆ, ಪೇಂಟರ್ ಕೂಡ ನೀವು ಹೇಳಿದ ದಿನ ಬರ್ತಾರೆ. ಕೆಲಸ ಮುಗಿದ ದಿನ ಖಾಲಿ ಡಬ್ಬ ಅವರು ತಗೊಂಡು ಹೋಗೋ ಮುಂಚೆ ಮುಚ್ಚಳದ ಮೇಲಿನ ಶೇಡ್ ಕೋಡು ಫೋಟೋ ತೆಗೆದಿಟ್ಕೊಳ್ಳಿ, ಉಳಿದ ಬಣ್ಣ ಒಂದು ಚಿಕ್ಕ ಡಬ್ಬಕ್ಕೆ ಹಾಕಿ ಗಟ್ಟಿ ಮುಚ್ಚಿಡಿ, ಮಗು ಮುಂದಿನ ವಾರಾನೇ ಗೀಚುತ್ತೆ.